ನಾನು ತಿದ್ದಿದ ಗಂಡ

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಕನ್ನಡ ಸಂಘದಲ್ಲಿ ಭಾನುವಾರ ಸಂಜೆ ಕಥೆ ಬರೆಯುವುದನ್ನು ಹೇಳಿಕೊಡುತ್ತಿದ್ದವನು ನಾನು. ಎರಡು ಕಥೆ ಅಚ್ಚಾಗಿದ್ದವು, ಅಷ್ಟೇ ಯೋಗ್ಯತೆ. ಹಾಳೂರಿಗೆ ಉಳಿದವನೇ ಗೌಡ. ಆದರೂ ಬೋರ್ಡಿನ ಮುಂದೆ ನಿಂತರೆ ನನ್ನ ಗತ್ತೇ ಬೇರೆ. ಮೊದಲ ಪುಟದ ಮನುಷ್ಯ ಕೊನೆಯ ಪುಟದಲ್ಲೂ ಹಾಗೇ ಇದ್ದರೆ ಅದು ಕಥೆಯಲ್ಲ ಎಂದು ಪ್ರತಿವಾರ ಹೇಳುತ್ತಿದ್ದೆ.

ಸಾನಪಾಡಾದಿಂದ ಥಾಣೆಗೆ ಬಂದು, ಅಲ್ಲಿ ಲೋಕಲ್ ರೈಲು ಬದಲಿಸಿ ಬರುತ್ತಿದ್ದ ಉಡುಪಿ ಕಡೆಯ ಹೆಂಗಸೊಬ್ಬರು ಒಂದು ಕಥೆ ತಂದರು. ಅದರಲ್ಲೊಬ್ಬ ಹೋಟೆಲ್ ಮಾಲೀಕ. ಗಿರಾಕಿಗಳ ಹತ್ತಿರ ನಗುನಗುತ್ತ ಮಾತಾಡುವವನು ಮನೆಯಲ್ಲಿ ಸಾರಿಗೆ ಉಪ್ಪು ಕಡಿಮೆಯಾದರೆ ತಟ್ಟೆ ಎಸೆಯುತ್ತಾನೆ. ಹೆಂಡತಿ ಅನ್ನ ಬಳಿದು, ನೆಲ ಒರೆಸಿ, ಮತ್ತೆ ಬಡಿಸುತ್ತಾಳೆ. ಕೊನೆಗೊಂದು ದಿನ ಎಸೆದ ತಟ್ಟೆಯನ್ನು ದಾಟಿ ಅಡುಗೆಮನೆಗೆ ಹೋಗಿ, ತಾನೇ ಬಡಿಸಿಕೊಂಡು ಊಟಕ್ಕೆ ಕೂರುತ್ತಾಳೆ.

ಎಲ್ಲರೆದುರು ಕೇಳಿದೆ: "ಗಂಡ ಎಲ್ಲಿ ಬದಲಾದ?"

"ಅವ ಬದ್ಲಾಗುದಿಲ್ಲ ಸರ್. ನಂಗೆ ಗೊತ್ತುಂಟು."

"ಹಾಗಾದ್ರೆ ಇದು ಕಥೆಯಲ್ಲ, ಕಂಪ್ಲೇಂಟು. ನಿಮ್ಮ ಹೌಸಿಂಗ್ ಸೊಸೈಟಿ ಆಫೀಸಿಗೆ ಕೊಡಿ."

ಎಲ್ಲರೂ ನಕ್ಕರು. ಅವರೂ ನಕ್ಕಂತೆ ಮಾಡಿದರು. ಆ ಕೊನೆಯ ಪ್ಯಾರಾಕ್ಕೆ ನಾನೇ ಕೆಂಪು ಗೀಟು ಎಳೆದೆ. ಗಂಡನೇ ತಟ್ಟೆ ಎತ್ತಿ ತೊಳೆದಿಟ್ಟು ಕ್ಷಮೆ ಕೇಳಲಿ ಎಂದು ಬೇರೆ ಕೊನೆ ಬರೆಸಿದೆ.

ಸಂಘದ ವಾರ್ಷಿಕೋತ್ಸವದಲ್ಲಿ ಅವರು ಅದನ್ನು ಓದಿದರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ಮುಂದಿನ ಸಾಲಿನಲ್ಲಿ ಇಸ್ತ್ರಿ ಶರ್ಟು ಹಾಕಿ ಕೂತಿದ್ದ ಒಬ್ಬ ಗಂಡಸು. ಚಹಾದ ಹೊತ್ತಿಗೆ ಬಂದು ನನ್ನ ಕೈ ಹಿಡಿದುಕೊಂಡರು.

"ನನ್ನ ಮಿಸೆಸ್ ಬರ್ದದ್ದು. ನಮ್ದೇ ಕಥೆ ಮಾರಾಯ್ರೆ! ಕೋಪ ಉಂಟು ನಂಗೆ, ಆದ್ರೆ ಮನಸ್ಸು ಒಳ್ಳೇದು ಅಂತ ಈಗ ಎಲ್ರಿಗೂ ಗೊತ್ತಾಯ್ತಲ್ಲ. ಥ್ಯಾಂಕ್ಸ್ ನಿಮ್ಗೆ."

ಹೆಂಡತಿ ಪಕ್ಕದಲ್ಲೇ ಕಪ್ ಹಿಡಿದು ನಿಂತಿದ್ದರು. ನನ್ನ ಮುಖ ನೋಡಲಿಲ್ಲ.

ನನಗೆ ಆಗ ಹೊಳೆಯಿತು. ಆ ಕಥೆಯಲ್ಲಿ ಬದಲಾಗುವವಳು ಹೆಂಡತಿ. ಪಾಠ ಹೇಳುವ ನನಗೇ ಅದು ಕಂಡಿರಲಿಲ್ಲ, ಏಕೆಂದರೆ ನಾನು ಇಡೀ ಕಥೆಯಲ್ಲಿ ನೋಡಿದ್ದು ಗಂಡಸನ್ನು ಮಾತ್ರ. ನನ್ನ ಮನೆಯಲ್ಲೂ ಉಂಡ ತಟ್ಟೆ ಎತ್ತುವವನು ನಾನಲ್ಲ. ಬೇಲಿಯೇ ಎದ್ದು ಹೊಲ ಮೇಯ್ದಂತಾಗಿತ್ತು. ನಾಚಿಕೆಯಾಗಿ ಚಹಾ ಅಲ್ಲೇ ಇಟ್ಟು ಹೊರಟುಬಂದೆ.

ಆಕೆಗೆ ಫೋನ್ ಮಾಡುವ ಧೈರ್ಯ ಬರಲು ಒಂದು ವಾರ ಬೇಕಾಯಿತು. "ನಿಮ್ಮ ಮೊದಲಿನ ಕಥೆಯೇ ಸರಿ. ತಪ್ಪು ನನ್ನದು. ಅದನ್ನೇ ಇಟ್ಟುಕೊಳ್ಳಿ" ಎಂದೆ.

"ಅದನ್ನು ಹರ್ದು ಬಿಸಾಡಿದೆ ಸರ್. ಮನೆಗೆ ಯಾರು ಬಂದ್ರೂ ಇವ್ರು ಈಗಿನದ್ದೇ ಓದು ಅಂತಾರೆ. ಓದ್ತೇನೆ."

"ನೀವು ಹಾಗೆ ತಟ್ಟೆ ದಾಟಿ ಹೋಗಿ ಕೂತದ್ದಾದರೂ ಸುಳ್ಳಲ್ಲವಲ್ಲ" ಎಂದೆ, ಸಮಾಧಾನ ಹೇಳುವವನಂತೆ.



"ಅದು ಆಗಿರ್ಲಿಲ್ಲ ಸರ್. ಧೈರ್ಯ ಬರ್ತದಾ ಅಂತ ಮೊದ್ಲು ಬರ್ದು ನೋಡಿದ್ದು."