ಜವಾಬ್ದಾರಿ ನನ್ನದು, ಕೀಲಿಕೈ ಅವರದು

ಎಂಬತ್ತರ ದಶಕದಲ್ಲಿ ನಾನು ಜೇವರ್ಗಿ ತಾಲೂಕಿನ ಒಂದು ಹಳ್ಳಿಯ ಶಾಲೆಯಲ್ಲಿ ಶಿಕ್ಷಕಿಯಾಗಿದ್ದೆ. ಶಾಲೆಗೊಂದು ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಬಂದಿತ್ತು. ಅದರ ಜವಾಬ್ದಾರಿ ನನ್ನದೆಂದು ಆದೇಶದ ಹಾಳೆಯಲ್ಲಿತ್ತು. ಕೀಲಿಕೈ ಮಾತ್ರ ಹೆಡ್‌ಮಾಸ್ತರರ ಜೇಬಿನಲ್ಲಿತ್ತು. ಕೇಳಿದಾಗಲೆಲ್ಲ ಒಂದೇ ಉತ್ತರ. "ಇನ್‌ಸ್ಪೆಕ್ಟರ್ ಸಾಹೇಬ್ರು ಬಂದಾಗ ಪೆಟಗಿ ತುಂಬಿದ್ದು ಕಾಣಬೇಕ್ರಿ ಅಕ್ಕೋರ. ಈಗೇ ಖಾಲಿ ಮಾಡಿದ್ರ ಏನು ತೋರಸೂದು?" ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ಮೊಣಕಾಲು ತರಚಿಕೊಂಡು ಬಂದ ಮಕ್ಕಳಿಗೆ ನಾನು ಮನೆಯಿಂದ ತಂದ ಅರಿಸಿನವೇ ಗತಿ.

ಎರಡು ವರ್ಷ ಹೀಗೇ ಕಳೆದ ಮೇಲೆ ಜೇವರ್ಗಿಯಲ್ಲಿ ನನಗೆ ಎರಡು ದಿನದ ತರಬೇತಿ ಆಯಿತು. ಮೂರ್ಛೆ ಬಂದ ಮಗುವಿನ ಸುತ್ತ ಜನ ಸೇರಿಸಬೇಡಿ, ತಲೆಗೆ ಮೆತ್ತಗಿನದೇನಾದರೂ ಕೊಡಿ, ಮಗ್ಗುಲಿಗೆ ಹೊರಳಿಸಿ, ಕೈಗಾಗಲಿ ಬಾಯಿಗಾಗಲಿ ಏನನ್ನೂ ತುರುಕಬೇಡಿ ಎಂದು ಅಲ್ಲಿಯ ಡಾಕ್ಟರು ಹೇಳಿದ್ದನ್ನೆಲ್ಲ ಬರೆದುಕೊಂಡು ಬಂದೆ.

ವಾರದೊಳಗೆ ಆರನೇ ತರಗತಿಯ ಹುಡುಗಿಯೊಬ್ಬಳು ಪ್ರಾರ್ಥನೆಯ ಸಾಲಿನಲ್ಲೇ ಬಿದ್ದಳು. ಕೈಕಾಲು ಸೆಟೆದು ಅದುರುತ್ತಿದ್ದವು. ನಾನು ಓಡಿಹೋಗಿ ತಲೆಯ ಕೆಳಗೆ ನನ್ನ ಚೀಲ ಇಡುವಷ್ಟರಲ್ಲಿ ಇಡೀ ಶಾಲೆ ಮುತ್ತಿಕೊಂಡಿತು. ಜವಾನ ಉಳ್ಳಾಗಡ್ಡಿ ಒಡೆದು ಮೂಗಿಗೆ ಹಿಡಿದ. "ಸರೀರಿ, ಗಾಳಿ ಬಿಡ್ರಿ! ಏನೂ ಕೊಡಬ್ಯಾಡ್ರಿ!" ಎಂದು ನಾನು ಕೂಗಿದೆ. "ಕಬ್ಬಿಣ ಕೊಡ್ರಿ, ಕಬ್ಬಿಣ!" ಎಂದು ಹೆಡ್‌ಮಾಸ್ತರರು ನನಗಿಂತ ಜೋರಾಗಿ ಕೂಗಿ, ಜೇಬಿನಿಂದ ಕೀಲಿಕೈ ತೆಗೆದು ಅವಳ ಮುಷ್ಟಿಗೆ ತುರುಕಿದರು. ನೋಡಿದರೆ ಪೆಟ್ಟಿಗೆಯದೇ! ನನಗೆ ಮೈಯೆಲ್ಲ ಉರಿದುಹೋಯಿತು.

ಎರಡು ನಿಮಿಷಕ್ಕೆ ಅದುರುವುದು ನಿಂತಿತು. "ನೋಡಿದ್ರ್ಯಾ? ಚಾವಿ ಕೊಟ್ಟಕೂಡ್ಲೆ ನಿಂತು" ಎಂದರು ಅವರು. ಅದು ತಾನಾಗಿಯೇ ನಿಲ್ಲುತ್ತದೆ ಎಂದು ನಾನು ಹೇಳಿದ್ದನ್ನು ಕೇಳಲು ಅಲ್ಲಿ ಯಾರೂ ತಯಾರಿರಲಿಲ್ಲ.

ಮರುದಿನದಿಂದ ಹುಡುಗಿ ಬರಲಿಲ್ಲ. ಮನೆಗೆ ಹೋದರೆ ತಾಯಿ, "ಶಾಲಿ ಬಿಡಿಸೇವ್ರಿ ಅಕ್ಕೋರ. ಮತ್ತ ಬಿದ್ರ ಯಾರು ನೋಡ್ತಾರ?" ಎಂದಳು. ಹುಡುಗಿ ಒಲೆಯ ಮುಂದೆ ಕೂತು ನಮ್ಮ ಮಾತು ಕೇಳುತ್ತಿದ್ದಳು.

"ನಾ ನೋಡ್ತೇನಿ" ಎಂದು ಕಲಿತದ್ದನ್ನೆಲ್ಲ ಬಿಡಿಸಿ ಹೇಳಿದೆ. ತಾಯಿ ಪೂರ್ತಿ ಕೇಳಿ, "ಅದೆಲ್ಲ ಖರೆ ಇರಬಹುದ್ರಿ. ಆ ಚಾವಿ ಅಕಿ ಕೊರಳಾಗ ಇರೂದಾದ್ರ ಕಳಸ್ತೇನಿ" ಎಂದಳು. ಗೋಡೆಗೆ ಹೇಳಿದ್ದರೂ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಗುಲಬರ್ಗಾದ ದವಾಖಾನೆಗೆ ತೋರಿಸಿ ಗುಳಿಗೆ ತಪ್ಪದೆ ಕೊಡಬೇಕೆಂದು ನಾನೂ ಷರತ್ತು ಹಾಕಿದೆ.

ತಾಯಿಯ ಮಾತು ತಿಳಿಸಿದಾಗ ಹೆಡ್‌ಮಾಸ್ತರರು, "ಕೂಸಿನ ಜೀವಕ್ಕಿಂತ ಚಾವಿ ದೊಡ್ಡದೇನ್ರಿ? ಒಯ್ರಿ" ಎಂದು ತಾವೇ ಕರಿದಾರ ಪೋಣಿಸಿಕೊಟ್ಟರು. ನಾನು ಕೇಳಿದಾಗ ಮಾತ್ರ ಅದು ದೊಡ್ಡದಾಗಿತ್ತು!

ಅಂದಿನಿಂದ ಯಾರಿಗಾದರೂ ಗಾಯವಾದರೆ ನಾನು ಆ ಹುಡುಗಿಯನ್ನು ಕರೆಯುತ್ತಿದ್ದೆ. ಅವಳು ಬಗ್ಗಿ, ಕೊರಳಿನ ದಾರ ಎಳೆದು, ಪೆಟ್ಟಿಗೆ ತೆರೆಯುತ್ತಿದ್ದಳು. ಮೊದಲ ಸಲ ತೆರೆದಾಗ ಟಿಂಚರಿನ ಶೀಸೆ ಒಣಗಿಹೋಗಿತ್ತು. ಗುಳಿಗೆಯಿಂದ ಅವಳ ಮೂರ್ಛೆ ಕಡಿಮೆಯಾಯಿತು. ಹೆಸರು ಬಂದದ್ದು ಕೀಲಿಕೈಗೆ. ಊರಲ್ಲಿ ಅದನ್ನು ಕೇಳಿದಾಗಲೆಲ್ಲ ಹಲ್ಲು ಕಚ್ಚುತ್ತಿದ್ದೆ.

ಏಳನೇ ತರಗತಿ ಪಾಸಾಗಿ ಜೇವರ್ಗಿಯ ಹೈಸ್ಕೂಲಿಗೆ ಹೊರಟಾಗ ಅವಳು ನನ್ನ ಬಳಿ ಬಂದು, ಕೊರಳಿನ ದಾರ ಹಿಡಿದುಕೊಂಡು ನಿಂತಳು.

"ಅಕ್ಕೋರ, ಇದರಿಂದ ಏನೂ ಆಗಂಗಿಲ್ಲಂತ ನನಗ ಗೊತ್ತೈತ್ರಿ. ನೀವು ಮನಿಗೆ ಬಂದು ಹೇಳಿದ್ದು ಕೇಳೇನಿ. ಆದ್ರ ಇದು ಇಲ್ಲಂದ್ರ ಅವ್ವ ಜೇವರ್ಗಿಗೆ ಕಳಸಂಗಿಲ್ಲ. ಇರ್ಲೇನ್ರಿ?"

"ಇರ್ಲಿ ಬೇ" ಎಂದೆ.

ಕೀಲಿಕೈ ಅವಳ ಕೊರಳಲ್ಲಿ ಜೇವರ್ಗಿಗೆ ಹೋದ ಮರುದಿನ ಹೆಡ್‌ಮಾಸ್ತರರ ಎದುರಿಗೇ ಕಲ್ಲು ತಂದು ಪೆಟ್ಟಿಗೆಯ ಬೀಗ ಒಡೆದೆ.