ಅವ್ವನ ಕಾರಿಗೆ ಭಾನುವಾರದ ಗಡುವು

ಕಾರು ನಿಂತದ್ದು ಗುರುವಾರ ಬೆಳಿಗ್ಗೆ, ಗಿಂಡಿಯ ಫ್ಲೈಓವರ್ ಇಳಿಯುವಾಗ. ಹಿಂದಿನ ಸೀಟಿನಲ್ಲಿ ನೂರಿಪ್ಪತ್ತು ಜೋಳದ ರೊಟ್ಟಿ, ಮೂರು ಡಬ್ಬಿ ಶೇಂಗಾ ಚಟ್ನಿ. ಸ್ಟೀರಿಂಗಿನ ಹಿಂದೆ ಅವ್ವ, ಪಕ್ಕದಲ್ಲಿ ನಾನು. ಮೊದಲು ಮೀಟರಿನ ಪಕ್ಕದ ಕೆಂಪು ಬ್ಯಾಟರಿ ದೀಪ ಮಿಣುಕಿತು, ಆಮೇಲೆ ಹಾರ್ನಿನ ದನಿ ನೆಗಡಿಯಾದವರ ದನಿಯಂತಾಯಿತು, ಆಮೇಲೆ ಏನೂ ಇಲ್ಲ. ಹಿಂದಿನಿಂದ ಬಸ್ಸುಗಳು ಒರಲತೊಡಗಿದವು. ಇಬ್ಬರು ಆಟೋದವರು ಇಳಿದು ಬಂದು ಕಾರನ್ನು ಬದಿಗೆ ತಳ್ಳಿದರು. ಅವ್ವ ಕೊನೆಯವರೆಗೂ ಸ್ಟೀರಿಂಗ್ ಬಿಡಲಿಲ್ಲ.

"ನಿಮ್ಮಪ್ಪಗ ಗೊತ್ತಾಗೂದು ಬ್ಯಾಡ" ಅಂದಳು.

ರೊಟ್ಟಿಗಳನ್ನು ಆಟೋದಲ್ಲಿ ಮನೆಮನೆಗೆ ಮುಟ್ಟಿಸಿದೆವು. ಆದರೆ ಕೆಟ್ಟ ಕಾರನ್ನು ಯಾರಿಗೂ ಕಾಣದ ಹಾಗೆ ಎಳೆತರುವುದು ಹೇಗೆ? ಎಳೆಯುವ ಲಾರಿ ನಮ್ಮ ಬೀದಿಗೆ ತಿರುಗಿದಾಗ ಅಪ್ಪ ಗೇಟಿನಲ್ಲೇ ನಿಂತಿದ್ದರು.

ಆ ಹನ್ನೆರಡು ವರ್ಷದ ಪುಟ್ಟ ಕಾರು ಒಂದು ಕಾಲದಲ್ಲಿ ಅಪ್ಪನದು. ಟಿ. ನಗರದ ತಮ್ಮ ಇಳಕಲ್ ಸೀರೆಯ ಅಂಗಡಿಗೆ ಮೆಟ್ರೋದಲ್ಲಿ ಹೋಗಲು ಶುರುಮಾಡಿದ ಮೇಲೆ ಅವರು ಅದನ್ನು ಮುಟ್ಟಲಿಲ್ಲ. ಅವ್ವ ಐವತ್ತೊಂದನೆಯ ವಯಸ್ಸಿನಲ್ಲಿ ಲೈಸೆನ್ಸ್ ಮಾಡಿಸಿ, ಕವರ್ ತೆಗೆದು, ದೂಳು ಒರೆಸಿ, ಅದನ್ನು ತನ್ನದಾಗಿಸಿಕೊಂಡಳು. ನಮ್ಮ ಕಡೆಯಿಂದ ಬಂದು ಈ ತಮಿಳು ಊರಿನಲ್ಲಿ ನೆಲೆಸಿರುವ ಮನೆಗಳಿಗೆ ವಾರಕ್ಕೆರಡು ಸಲ ರೊಟ್ಟಿ ಕೊಡುವುದು ಅವಳ ಕೆಲಸ. ಅವಳನ್ನು ಕೇಳಿದರೆ ರೊಟ್ಟಿ ಎರಡನೆಯದು, ಗಾಡಿ ಓಡಿಸುವುದು ಮೊದಲನೆಯದು.

ಅಪ್ಪ ಹಿಂದಿನ ಒಂದು ವರ್ಷದಲ್ಲೇ ಅದಕ್ಕೆ ಎರಡು ಬ್ಯಾಟರಿ ಹಾಕಿಸಿದ್ದರು. ಎರಡರ ಮೇಲೂ ಮೂರು ಬೆರಳಿನ ವಿಭೂತಿ ಎಳೆದಿದ್ದರು, ಬಂಪರಿಗೆ ಲಿಂಬೆಹಣ್ಣು ಕಟ್ಟಿದ್ದರು. ಈಗ ಮೂರನೆಯ ದಾರಿ ಹುಡುಕಿದ್ದರು.

"ಅಂಗಡಿ ಎದುರಿನ ಪಾತ್ರಿ ಅಂಗಡಿಯವ್ರು ಗಾಡಿ ಕೇಳಾಕತ್ತಾರ. ರವಿವಾರ ಐದಕ್ಕ ಬಂದು ನೋಡ್ತಾರ. ಕೊಟ್ಟು ಬಿಡೂಣು. ರೊಟ್ಟಿ ಕಳಸಾಕ ಆಟೋ ಸಾಕು."

ಅವ್ವ ಒಳಗೆ ಹೋದಳು. ಮಾತು ಬರುವುದು ನನಗೆ. ಎಂಜಿನಿಯರಿಂಗ್ ಕಾಲೇಜಿನ ಡಿಬೇಟ್ ತಂಡದಲ್ಲಿ ನಾಲ್ಕು ವರ್ಷ ಇದ್ದವಳು ನಾನು. ಮನೆಯಲ್ಲಿ ವಾದ ಕನ್ನಡದಲ್ಲಿ ಶುರುವಾಗುತ್ತದೆ, ನಾನು ತಮಿಳಿಗೆ ಜಾರುತ್ತೇನೆ, ಸೋಲುವಂತಾದರೆ ಇಂಗ್ಲಿಷಿಗೆ. ಅಪ್ಪ ಮಾತ್ರ ಕನ್ನಡದಿಂದ ಕದಲುವುದಿಲ್ಲ. ಹಾಗಾಗಿ ಅವತ್ತು ನಾನೂ ಕದಲಲಿಲ್ಲ.

"ಯಾವ ಆಧಾರದ ಮ್ಯಾಲೆ ಮಾರ್ತೀರಿ?"

"ಬಂದ್ರಪಾ ವಕೀಲ್ರು."

"ಎರಡು ಸಲ ಹೊಸಾ ಬ್ಯಾಟರಿ ಹಾಕಿದ್ರೂ ಅದ ರೋಗ ಬಂತಂದ್ರ ರೋಗ ಬ್ಯಾಟರಿದಲ್ಲ. ಲಿಂಬಿಹಣ್ಣಿಂದಂತೂ ಹೋಗಿಲ್ಲ, ಅದು ನಿಮಗೂ ಗೊತ್ತೈತಿ. ರವಿವಾರ ಐದರೊಳಗ ನಾ ಸರಿ ಮಾಡ್ತೀನಿ. ಆಗಲಿಲ್ಲಂದ್ರ ಮಾರ್ರಿ, ನಾ ಒಂದ್ ಮಾತೂ ಆಡೂದಿಲ್ಲ."

"ನೀ ಮಾತಾಡೂದಿಲ್ಲಂದ್ರ ಅದಕ್ಕರ ಮಾರಬೇಕು" ಅಂದರು ಅಪ್ಪ. ಷರತ್ತು ಆಯಿತು.

ಶುಕ್ರವಾರ ಬೆಳಿಗ್ಗೆ ಬ್ಯಾಟರಿಯನ್ನು ಚಾರ್ಜ್ ಮಾಡಿಸಿ ತಂದು, ಕಾರನ್ನು ಚಾಲೂ ಮಾಡಿ, ಬ್ಯಾಟರಿಯ ಎರಡು ತುದಿಗೆ ಮಲ್ಟಿಮೀಟರ್ ಹಿಡಿದೆ. ಎಂಜಿನ್ ಓಡುವಾಗ ಬೆಲ್ಟು ಆಲ್ಟರ್ನೇಟರನ್ನು ತಿರುಗಿಸಬೇಕು, ಅದು ಕರೆಂಟು ಹುಟ್ಟಿಸಿ ಬ್ಯಾಟರಿಗೆ ಊಡಬೇಕು. ಹಾಗೆ ಊಡುತ್ತಿದ್ದರೆ ಮೀಟರು ಹದಿನಾಲ್ಕು ವೋಲ್ಟಿನ ಆಸುಪಾಸು ತೋರಿಸುತ್ತದೆ. ನನಗೆ ಕಂಡದ್ದು ಹನ್ನೆರಡು, ಅದೂ ಇಳಿಯುತ್ತಿದ್ದ ಹನ್ನೆರಡು. ಊಡುವವನೇ ಕೈಕೊಟ್ಟಿದ್ದಾನೆ. ಆರೋಪಿ ಸಿಕ್ಕಿಬಿದ್ದ ಎಂದು ನಾನು ಅಲ್ಲೇ ತೀರ್ಮಾನಿಸಿ ಅಪ್ಪನಿಗೂ ಸಾರಿದೆ.

ಆರೋಪಿಯನ್ನು ಹೊರಗೆ ಎಳೆಯಲು ಮಧ್ಯಾಹ್ನವಾಯಿತು. ಬ್ಯಾಟರಿಯ ಮೈನಸ್ ತಂತಿ ಬಿಚ್ಚಿದೆ. ಬೆಲ್ಟಿನ ಬಿಗಿ ಸಡಿಲಿಸುವ ಬೋಲ್ಟು ತುಕ್ಕು ಹಿಡಿದು ಕೂತಿತ್ತು. ಅದು ಜಗ್ಗುವ ಹೊತ್ತಿಗೆ ನನ್ನ ಬೆರಳಿನ ಗೆಣ್ಣಿನ ಚರ್ಮ ಹೋಗಿತ್ತು. ಅವ್ವ ಸ್ಪ್ಯಾನರ್ ಎತ್ತಿಕೊಡುತ್ತಿದ್ದಳು. ಬೆಲ್ಟು ಕೈಗೆ ಬಂದ ಕೂಡಲೇ, "ತಾ ಇಲ್ಲಿ, ನಾ ಒರಿಸಿ ಇಡ್ತೀನಿ" ಎಂದು ಇಸಿದುಕೊಂಡು, ಹಳೆಯ ಸೀರೆಯ ತುಂಡಿನಿಂದ ಅದರ ಗೀರುಗೀರನ್ನೂ ತಿಕ್ಕಿದಳು. ಬೋಗುಣಿಯನ್ನೂ ಅಷ್ಟು ತಿಕ್ಕುವುದಿಲ್ಲ ಅವಳು.

ಗಿಂಡಿಯ ಕೈಗಾರಿಕಾ ಎಸ್ಟೇಟಿನ ಬದಿಯಲ್ಲಿ ಒಂದು ತಗಡಿನ ಶೆಡ್ಡು. ಅಲ್ಲಿ ಕಾರಿನ ಎಲೆಕ್ಟ್ರಿಕಲ್ ಕೆಲಸ ಮಾಡುವ, ಎಲ್ಲರೂ ಅಣ್ಣ ಎಂದೇ ಕರೆಯುವ ಮೆಕ್ಯಾನಿಕ್ಕಿಗೆ ಅರವತ್ತು ದಾಟಿದೆ. ಆಲ್ಟರ್ನೇಟರಿನ ಗಾಲಿಯನ್ನು ಕೈಯಿಂದ ತಿರುಗಿಸಿ ಕಿವಿಗೆ ಹಿಡಿದ. ಒಳಗೆ ಮರಳು ಅರೆದ ಸದ್ದು.

"ಬೇರಿಂಗ್ ಪೋಚ್ಚುಮ್ಮಾ" ಅಂದ. ಹೋಯಿತು ಅಂತ. ಗಾಲಿ ಸಲೀಸಾಗಿ ತಿರುಗದೆ ಬಹಳ ದಿನವಾಗಿರಬೇಕು, ಒಳಗಿನ ಬ್ರಶ್ಶುಗಳೂ ಸವೆದಿವೆ ಎಂದು ಬಿಚ್ಚಿ ತೋರಿಸಿದ. ರಿಪೇರಿ ಮಾಡಿ ಇಟ್ಟಿದ್ದ ಅದೇ ಜಾತಿಯ ಇನ್ನೊಂದನ್ನು ತೆಗೆದುಕೊಟ್ಟ. ಆಮೇಲೆ ನಾನು ಅಳತೆಗೆಂದು ತಂದಿದ್ದ ಬೆಲ್ಟನ್ನು ಎರಡು ಬೆರಳಲ್ಲಿ ಹಿಸುಕಿ, ಅದನ್ನೂ ಬದಲಿಸು ಅಂದ.

"ಯಾಕಣ್ಣಾ? ಬಿರುಕು ಎಲ್ಲಿದೆ ತೋರಿಸಿ" ಎಂದು ತಮಿಳಿನಲ್ಲಿ ಕೇಳಿದೆ.

ಬಿರುಕಿಲ್ಲ, ಆದರೆ ಮುಟ್ಟಿದರೆ ಸರಿಯಿಲ್ಲ ಅಂದ.

ಮುಟ್ಟಿದರೆ ಅನ್ನುವುದು ಸಾಕ್ಷಿಯಲ್ಲ ಅಂದೆ. ಹೋದ ವರ್ಷ ಹಾಕಿಸಿದ್ದು, ಎಳೆ ಬಿಟ್ಟಿಲ್ಲ, ಗೀರು ಸವೆದಿಲ್ಲ, ಆರೋಪಿ ಆಗಲೇ ಸಿಕ್ಕಿದ್ದಾನೆ, ಎರಡನೆಯವನನ್ನು ಯಾಕೆ ಹಿಡಿಯಬೇಕು? ಒಂದೊಂದೇ ಬೆರಳು ಮಡಚಿ ಹೇಳಿದೆ.

"ಇದು ಎನ್ನ ಕೋರ್ಟಾಮ್ಮಾ?" ಇದೇನು ಕೋರ್ಟೇ ಎಂದು ನಕ್ಕು ಅವನು ಬೆಲ್ಟನ್ನು ವಾಪಸು ಕೊಟ್ಟ.

ಗೆದ್ದೆ ಅಂತ ಬೀಗುತ್ತ ಮೆಟ್ರೋ ಹತ್ತಿದೆ. ಮಡಿಲಲ್ಲಿ ಆಲ್ಟರ್ನೇಟರು, ಹೆಗಲಿಗೆ ಹಾರದ ಹಾಗೆ ಹಳೆಯ ಬೆಲ್ಟು.

ಶನಿವಾರ ಬೆಳಿಗ್ಗೆ ಎಲ್ಲವನ್ನೂ ಜೋಡಿಸಿದೆ. ಅಪ್ಪ ಕಾಫಿ ಲೋಟ ಹಿಡಿದು ಮೆಟ್ಟಿಲ ಮೇಲೆ ಕೂತರು. ಅವ್ವ ಕೀ ತಿರುಗಿಸಿದಳು. ಮೀಟರಿನಲ್ಲಿ ಹದಿನಾಲ್ಕು. ನಾನು ಮೀಟರನ್ನು ಅಪ್ಪನ ಕಡೆಗೆ ತಿರುಗಿಸಿ ಹಿಡಿದೆ.

"ಎ.ಸಿ. ಹಚ್ಚು" ಅಂದರು ಅಪ್ಪ. "ಲೈಟೂ ಹಚ್ಚು. ಮಳ್ಯಾಗ ಎಲ್ಲಾ ಹಚ್ಕೊಂಡ ಹೋಗಬೇಕಲ್ಲ?"

ನ್ಯಾಯವಾದ ಪ್ರಶ್ನೆಯೇ. ಅವ್ವ ಎರಡನ್ನೂ ಹಚ್ಚಿದಳು. ಬಾನೆಟ್ಟಿನೊಳಗಿಂದ ಒಂದು ಚೀರಾಟ ಎದ್ದಿತು, ಎದುರು ಮನೆಯ ನಾಯಿ ಬೊಗಳಿತು, ಕೆಂಪು ದೀಪ ಹೊತ್ತಿತು. ಮೀಟರು ಹನ್ನೆರಡೂವರೆಗೆ ಕುಸಿಯಿತು.

"ಮುಗೀತಲ್ಲ?" ಅಂದರು ಅಪ್ಪ.

ಒಂದು ವಾಸನೆ ಬರುತ್ತಿತ್ತು. ಟಿ. ನಗರದಲ್ಲಿ ಬಾಳೆಕಾಯಿ ಚಿಪ್ಸ್ ಕರಿಯುವ ಅಂಗಡಿಯ ಮುಂದೆ ನಿಂತ ಹಾಗೆ. ಬಗ್ಗಿ ಮೂಸಿದೆ. ಬಿಸಿಯಾದ ಬೆಲ್ಟಿನಿಂದಲೇ ಬರುತ್ತಿದೆ, ಸುಟ್ಟ ಕೊಬ್ಬರಿ ಎಣ್ಣೆ. ನಮ್ಮ ಮನೆಯಲ್ಲಿ ಅಡಿಗೆಗೆ ಶೇಂಗಾ ಎಣ್ಣೆ. ಕೊಬ್ಬರಿ ಎಣ್ಣೆ ಇರುವುದು ಒಂದೇ ಸೀಸೆ, ಅವ್ವನ ಕನ್ನಡಿಯ ಮುಂದೆ. ತಲೆಗೆ ಹಚ್ಚುವುದು ಬಿಟ್ಟರೆ ಅದಕ್ಕೆ ಬೇರೆ ಉಪಯೋಗವಿಲ್ಲ.

ತಲೆ ಎತ್ತಿ ಬಾನೆಟ್ಟಿನ ಬದಿಗೆ ಸರಿದೆ. ಗಾಜಿನ ಆಚೆ ಅವ್ವ ನನ್ನನ್ನೇ ನೋಡುತ್ತಿದ್ದಳು.

"ಅಪ್ಪಾ, ಇನ್ನೂ ನಾಳೆ ಐದರ ತನಕಾ ಟೈಮ್ ಐತಿ."

"ಐತಿ. ಆದ್ರ ಆರೋಪಿ ಸಿಕ್ಕಾನಂತ ನಿನ್ನಿ ನೀನ ಹೇಳಿದ್ದಿ. ಈಗೇನು ಹೊಸಾ ಕಾರಣ? ಹೇಳು, ಕೇಳ್ತೀನಿ."

ಕಾರಣ ನನ್ನ ಮೂಗಿನಲ್ಲೇ ಇತ್ತು. ಅದನ್ನು ಹೇಳಿದರೆ ಅವ್ವನ ಕೈಗೆ ಗಾಡಿ ಕೊಡಬಾರದು ಅನ್ನಲು ಅಪ್ಪನಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿರಲಿಲ್ಲ. ಸುಳ್ಳು ಕಾರಣವೊಂದನ್ನು ಕಟ್ಟಲು ನನಗೆ ಅರ್ಧ ನಿಮಿಷ ಸಾಕು. ಆದರೆ ಎದುರಿಗೆ ಅವಳು ಕೂತಿದ್ದಳು, ಅದು ಸುಳ್ಳೆಂದು ಗೊತ್ತಿದ್ದವಳು.

ಅವ್ವ ಎಂಜಿನ್ ಆರಿಸಿ ಇಳಿದಳು.

"ಬೆಲ್ಟಿಗೆ ಎಣ್ಣಿ ಹಾಕಿದಾಕಿ ನಾನು."

"ಏನು?"

"ಚೀರತಿತ್ತರೀ. ದಿನಾ ಮುಂಜಾನೆ ಚಾಲೂ ಮಾಡಿದ್ರ ಓಣ್ಯಾಗಿನವ್ರೆಲ್ಲಾ ಹೊರಗ ಬಂದು ನೋಡ್ತಿದ್ರು, ಮುದಿಕಿ ಗಾಡಿ ಹೊಡಿಯಾಕ ಹೊಂಟಾಳಂತ. ಹೊಲಿಗಿ ಮಷೀನಿಗೆ ಬಿಡೂದಿಲ್ಲೇನು? ಹಂಗ ನಾಕ ಹನಿ ಬಿಟ್ಟೆ. ಸುಮ್ಮನಾತು. ಮತ್ತ ಚೀರ್ತು, ಮತ್ತ ಬಿಟ್ಟೆ."

ಅಪ್ಪ ಲೋಟ ಕೆಳಗಿಟ್ಟರು. "ಗಾಡಿ ತಲಿಗೆ ಎಣ್ಣಿ ಹಚ್ಚಿದಿ? ಜಡಿ ಹಾಕಲಿಲ್ಲೇನು? ಹೂ?" ನಗು ಬರುತ್ತಿದ್ದರೂ ಅವರು ಪಟ್ಟು ಬಿಡಲಿಲ್ಲ. "ಇಂಥಾಕಿ ಕೈಯಾಗ ಗಾಡಿ ಇರಬೇಕಂತೀ?"

ಈಗ ನನಗೆ ಬಾಯಿ ಬಂತು. "ಚೀರಿದ್ದು ಅಕಿ ಎಣ್ಣಿಯಿಂದ ಅಲ್ಲಪ್ಪಾ. ಬೇರಿಂಗ್ ಹೋಗಿ ಗಾಲಿ ಬಿಗಿ ಆಗಿತ್ತು, ಬೆಲ್ಟು ಅದರ ಮ್ಯಾಲೆ ಜಾರಿ ಮೊದಲ ಚೀರತಿತ್ತು. ರೋಗ ಬಂದ ಮ್ಯಾಲೆ ಅಕಿ ಔಷಧ ಹಾಕ್ಯಾಳ, ಔಷಧ ತಪ್ಪೈತಿ. ನೀವೂ ಹಾಕೀರಲ್ಲ? ನೀವು ಲಿಂಬಿಹಣ್ಣು, ಅಕಿ ಎಣ್ಣಿ. ನಾನೂ ತಪ್ಪೀನಿ, ಆ ಅಣ್ಣ ಹೊಸಾ ಬೆಲ್ಟ್ ಹಾಕಂದ್ರೂ ವಾದ ಮಾಡಿ ಬಂದೀನಿ. ಗಾಡಿ ಮಾರೂದಾದ್ರ ಮೂರೂ ಮಂದಿ ತಪ್ಪಿಗೆ ಮಾರಬೇಕು, ಅಕಿ ಒಬ್ಬಾಕಿದಕ್ಕ ಅಲ್ಲ—"

"ನೀ ಸುಮ್ನಿರು" ಅಂದಳು ಅವ್ವ. ನನಗೇ. "ಹೊಸಾ ಬೆಲ್ಟು ತಗೊಂಡ ಬಾ. ಹಾಕೂದು ನಾ ಹಾಕ್ತೀನಿ."

ಮಧ್ಯಾಹ್ನ ಮತ್ತೆ ಆ ಶೆಡ್ಡಿಗೆ ಹೋದೆ. ಹಳೆಯ ಬೆಲ್ಟನ್ನು ಅವನ ಮುಂದಿಟ್ಟು, "ನೀವು ಹೇಳಿದ್ದೇ ಸರಿ ಅಣ್ಣಾ" ಅಂದೆ. ಅಷ್ಟು ಚಿಕ್ಕ ವಾಕ್ಯ ಹೇಳಲು ದಾರಿಯುದ್ದಕ್ಕೂ ತಯಾರಿ ಬೇಕಾಗಿತ್ತು. ಅವನು ಮೂಸಿದ. "ತೇಂಗಾ ಎಣ್ಣೈ!" ಎಂದು ಹೊಟ್ಟೆ ಹಿಡಿದು ನಕ್ಕ. ಬೆಲ್ಟಿನ ಬೆನ್ನಿನ ನಂಬರು ನೋಡಿ ಹೊಸದು ಕೊಟ್ಟು, ಗಾಲಿಗಳ ಜಿಡ್ಡು ಪೂರ್ತಿ ತೆಗೆಯದಿದ್ದರೆ ಹೊಸ ಬೆಲ್ಟೂ ಎಣ್ಣೆ ಕುಡಿಯುತ್ತದೆ ಎಂದು ಎಚ್ಚರಿಸಿದ. ಈ ಸಲ ನಾನು ಸಾಕ್ಷಿ ಕೇಳಲಿಲ್ಲ.

ಭಾನುವಾರ ಬೆಳಿಗ್ಗೆ ಅವ್ವ ಸೀರೆಯ ಸೆರಗು ಸಿಕ್ಕಿಸಿ, ಸೋಪಿನ ನೀರಿನ ಬಟ್ಟೆಯಿಂದ ಪ್ರತಿ ಗಾಲಿಯ ಗೀರನ್ನೂ ಒರೆಸಿ, ಒಣಬಟ್ಟೆಯಿಂದ ಮತ್ತೆ ಒರೆಸಿದಳು.

"ಸೀಗಿಕಾಯಿ ಕೊಡ್ಲೇನು?" ಎಂದು ಅಪ್ಪ ಮೆಟ್ಟಿಲಿನಿಂದ ಕೂಗಿದರು.

"ನಿಮ್ಮ ಲಿಂಬಿಹಣ್ಣು ಕೊಡ್ರಿ, ಜಿಡ್ಡರ ಹೋಗತೈತಿ."

ಬೆಲ್ಟನ್ನು ಗಾಲಿಗಳ ಸುತ್ತ ಹಾಯಿಸಿ, ಗೀರಿಗೆ ಗೀರು ಕೂತಿದೆಯೇ ಎಂದು ಬೆರಳಾಡಿಸಿ ನೋಡಿದಳು. ನಾನು ಆಲ್ಟರ್ನೇಟರನ್ನು ಸನ್ನೆಗೋಲಿನಿಂದ ಹಿಂದಕ್ಕೆ ಜಗ್ಗಿ ಹಿಡಿದೆ. ಎಷ್ಟು ಬಿಗಿ ಬೇಕು? ನಡುವೆ ಒತ್ತಿದರೆ ಒಂದು ಬೆರಳಗಲಕ್ಕಿಂತ ಕಡಿಮೆ ಬಾಗಬೇಕು ಎಂದು ನಾನು ಓದಿದ್ದನ್ನು ಹೇಳುತ್ತಿದ್ದೆ. ಅವಳು ಕೇಳಿಸಿಕೊಳ್ಳಲಿಲ್ಲ. ರೊಟ್ಟಿಯ ಹಿಟ್ಟಿನ ಹದ ನೋಡುವ ಹೆಬ್ಬೆರಳಿನಿಂದಲೇ ಒತ್ತಿ, "ಇನ್ನೊಂಚೂರು ಜಗ್ಗು... ಸಾಕು" ಎಂದು ಬೋಲ್ಟು ಬಿಗಿದಳು. ಎ.ಸಿ., ಲೈಟು, ವೈಪರ್, ಹಾರ್ನ್, ಎಲ್ಲವನ್ನೂ ಹಚ್ಚಿ ಕಾಲು ಗಂಟೆ ಓಡಿಸಿದೆವು. ಹದಿನಾಲ್ಕು. ಎದುರು ಮನೆಯ ನಾಯಿ ಮಲಗೇ ಇತ್ತು. ಅಪ್ಪ ಮೀಟರನ್ನು ತಾವೇ ಹಿಡಿದು ನೋಡಿದರು. ಆದರೆ ಕಾರು ನೋಡಲು ಬರುವವರಿಗೆ ಬರಬೇಡಿ ಅಂತ ಫೋನ್ ಮಾಡಲಿಲ್ಲ.

ಐದಕ್ಕೆ ಸರಿಯಾಗಿ ಪಾತ್ರೆ ಅಂಗಡಿಯವರು ಸ್ಕೂಟರ್ ನಿಲ್ಲಿಸಿ ಒಳಗೆ ಇಣುಕಿದರು. ಕಾರು ನಿಲ್ಲುವ ಜಾಗದಲ್ಲಿ ಸೋಪಿನ ನೀರಿನ ಕಲೆ ಮಾತ್ರ ಇತ್ತು. ನಾಲ್ಕೂವರೆಗೇ ಅವ್ವ ಎಗ್ಮೋರಿನ ಒಂದು ಮನೆಗೆ ಐವತ್ತು ರೊಟ್ಟಿ ಮುಟ್ಟಿಸಲು ಹೊರಟುಹೋಗಿದ್ದಳು. ನನ್ನನ್ನೂ ಕರೆದಿರಲಿಲ್ಲ.

ನಾನು ಜಗಲಿಯಲ್ಲಿ ಕೂತು ಅಪ್ಪನ ಮುಖ ನೋಡಿದೆ. ಮಾತಾಡುವುದಿಲ್ಲ ಎಂಬ ಷರತ್ತು ನನಗೆ ಈಗ ಅನ್ವಯಿಸುತ್ತಿರಲಿಲ್ಲ, ಆದರೂ ಸುಮ್ಮನಿದ್ದೆ.

ಅಪ್ಪ ಗೇಟಿನವರೆಗೆ ಹೋದರು. "ವಂಡಿ ವೆಳಿಯೆ ಪೋಯಿರುಕ್ಕುಂಗ" ಅಂದರು. ಗಾಡಿ ಹೊರಗೆ ಹೋಗಿದೆ.

ಎಷ್ಟು ಹೊತ್ತಿಗೆ ಬರುತ್ತದೆ, ಕಾಯಲೇ ಎಂದು ಬಂದವರು ಕೇಳಿದರು.

ಅಪ್ಪ ಗೇಟಿನ ಚಿಲಕವನ್ನು ಒಂದು ಸಲ ಎತ್ತಿ ಇಳಿಸಿದರು. ಮಾರುವುದೋ ಬಿಡುವುದೋ ತಮಗೆ ಗೊತ್ತಿಲ್ಲ, ಗಾಡಿ ಹೆಂಡತಿಯದು, ಅವರನ್ನೇ ಕೇಳಬೇಕು ಎಂದು ತಮಿಳಿನಲ್ಲಿ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ಏನ್ ನೋಡ್ತೀ ವಕೀಲವ್ವ, ಬಂದವ್ರಿಗೆ ಕಾಫಿ ತಾ" ಅಂದರು.