ಬಾಣ ಇತ್ಯರ್ಥವಾಗುವವರೆಗೆ

ಬಡವರಿಗೆ ಧಾನ್ಯ ಹಂಚುವ ಒಂದು ಸಂಸ್ಥೆಯ ಉಗ್ರಾಣದಲ್ಲಿ ಹತ್ತೊಂಬತ್ತು ವರ್ಷದಿಂದ ಅಕ್ಕಿ, ಬೇಳೆ ತೂಗುತ್ತಿದ್ದ ಹೆಂಗಸನ್ನು ಎಲ್ಲರೂ ತೂಕದಕ್ಕ ಅಂತಲೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಕೈಗೆ ಏನೇ ಸಿಕ್ಕರೂ ಅದರ ಭಾರವನ್ನು ಅವಳ ಬಾಯಿ ತಾನಾಗಿ ಹೇಳಿಬಿಡುತ್ತಿತ್ತು. ಹೆರಿಗೆಯಾದ ದಿನ ದಾದಿ ಮಗುವನ್ನು ತಂದು ಪಕ್ಕದಲ್ಲಿ ಮಲಗಿಸಿದಾಗ ಅವಳ ಬಾಯಿಂದ ಬಂದ ಮೊದಲ ಮಾತು, "ಎರಡು ಕೆಜಿ ಒಂಬೈನೂರು." ದಾದಿ ಮುಖ ಸಿಂಡರಿಸಿಕೊಂಡು ತೂಗಿ ನೋಡಿದರೆ ಎರಡು ಒಂಬೈನೂರ ನಲವತ್ತು. "ಸುತ್ತಿರೋ ಬಟ್ಟೆ ಕಳೀರಿ," ಎಂದಿದ್ದಳಂತೆ ಬಾಣಂತಿ.

ಗಂಡ ಬಸ್ ಕಂಡಕ್ಟರು. ದಿನವಿಡೀ ಕೂಗಿ ಕೂಗಿ ಗಂಟಲು ಕೆಡಿಸಿಕೊಂಡು ಬರುತ್ತಿದ್ದ ಆತ ಮನೆಯಲ್ಲಿ ಬಾಯಿಗೆ ಬೀಗ ಹಾಕಿಕೊಂಡಿರುತ್ತಿದ್ದ. ಆ ಕೊರತೆಯನ್ನು ಅತ್ತೆ ತುಂಬುತ್ತಿದ್ದರು. ಹೀಗೆ ಎರಡು ಕೋಣೆಯ ಆ ಮನೆ, ಕಚೇರಿಯ ಹಿಂದಿನ ತಗಡಿನ ಉಗ್ರಾಣ, ನಡುವೆ ಇಪ್ಪತ್ತು ನಿಮಿಷದ ನಡಿಗೆ, ಇಷ್ಟರಲ್ಲೇ ತೂಕದಕ್ಕನ ಬದುಕು ಯಾರ ತಂಟೆಗೂ ಹೋಗದೆ ಸಾಗಿತ್ತು.

ಒಂದು ದಿನ ದಾನಿಗಳಿಂದ ಪತ್ರ ಬಂತು. ನಿರ್ದೇಶಕರು ಅವಳನ್ನು ಕರೆಸಿದರು.

ಅವರ ಕುರ್ಚಿಯ ಹಿಂದೆ ಗೋಡೆಯ ಮೇಲೆ ಒಂದು ನೀಲಿ ಹಾಳೆ ವರ್ಷಾನುಗಟ್ಟಲೆಯಿಂದ ತೂಗುತ್ತಿತ್ತು. ಅದರ ತಲೆಬರಹ 'ಆಹಾರ ಭದ್ರತಾ ಯೋಜನೆ: ಬದಲಾವಣೆಯ ಸಿದ್ಧಾಂತ'. ಐದು ಚೌಕಗಳು, ಒಂದರಿಂದ ಇನ್ನೊಂದಕ್ಕೆ ಬಾಣಗಳು. ತೂಕದಕ್ಕ ಅದನ್ನು ಬೆಂಕಿ ಬಿದ್ದರೆ ಓಡಬೇಕಾದ ದಾರಿ ಅಂತ ತಿಳಿದುಕೊಂಡಿದ್ದಳು.

"ನೋಡಮ್ಮ," ನಿರ್ದೇಶಕರು ಪೆನ್ನಿನಿಂದ ತೋರಿಸಿದರು. "ಎರಡನೇ ಚೌಕದಲ್ಲಿ 'ಧಾನ್ಯ ಹಂಚಿಕೆ' ಅಂತಿದೆ. ಮೂರನೇದರಲ್ಲಿ 'ಹಸಿವು ಇಳಿಕೆ'. ಇವೆರಡರ ಮಧ್ಯದ ಬಾಣ ಇದೆಯಲ್ಲ, ಅದು ಗಟ್ಟಿಯಿಲ್ಲ ಅಂತ ದಾನಿಗಳು ಬರೆದಿದ್ದಾರೆ."

"ಗಟ್ಟಿಯಿಲ್ಲ ಅಂದ್ರೆ?"

"ಕೊಟ್ಟಿದ್ದರಿಂದಲೇ ಹಸಿವು ಇಳೀತು ಅನ್ನೋಕೆ ಆಧಾರ ಇಲ್ಲವಂತೆ. ಅದನ್ನ ಸರಿ ಮಾಡೋಕೆ ಒಬ್ಬ ಕನ್ಸಲ್ಟೆಂಟ್ ಬೇಕು. ಆಯ್ಕೆ ಸಮಿತಿಯಲ್ಲಿ ಕೈಯಾರೆ ಕೆಲಸ ಮಾಡೋರು ಒಬ್ಬರು ಇರಲೇಬೇಕು ಅಂತ ನಿಯಮ. ನೀನು ಬಾ."

ತೂಕದಕ್ಕ ತಲೆಯಾಡಿಸಿ ಹೊರಬಂದಳು. ಉಗ್ರಾಣಕ್ಕೆ ಬಂದ ಮೇಲೂ ಆ ಬಾಣ ತಲೆಯಿಂದ ಇಳಿಯಲಿಲ್ಲ.

ಸಂದರ್ಶನಕ್ಕೆ ಮೂವರು ಬಂದರು. ಸಮಿತಿಯಲ್ಲಿ ನಿರ್ದೇಶಕರು, ಆಡಳಿತದ ಮೇಡಂ, ಕೊನೆಯ ಕುರ್ಚಿಯಲ್ಲಿ ತೂಕದಕ್ಕ. ಮೊದಲನೆಯವನು ಕಡ್ಡಿಯಂಥ ಮನುಷ್ಯ. ಬಾಣವನ್ನು ಉದ್ದ ಮಾಡಿ ನಡುವೆ ಇನ್ನೂ ಹನ್ನೊಂದು ಚೌಕ ಸೇರಿಸಬೇಕು ಅಂದ. ಎರಡನೆಯವಳು ಬಾಣವೇ ಹಳೇ ಕಾಲದ್ದು, ಈಗೆಲ್ಲ ವೃತ್ತ ಅಂದಳು. ಮೂರನೆಯವನು ಬಾಗಿಲಲ್ಲಿ ಪಕ್ಕಕ್ಕೆ ತಿರುಗಿಯೇ ಒಳಗೆ ಬಂದ. ಅಷ್ಟು ದಪ್ಪ. ಕೂತ ಕುರ್ಚಿ ಕಿರ್ರೆಂದಿತು. ಏನು ಕೇಳಿದರೂ ಕರವಸ್ತ್ರದಿಂದ ಕತ್ತು ಒರೆಸಿಕೊಂಡು, "ಅದನ್ನ ಜನರನ್ನೇ ಕೇಳಬೇಕು," ಎಂದ.

ತೂಕದಕ್ಕನ ಕೈಗೆ ಕೊಟ್ಟಿದ್ದ ಹಾಳೆಯಲ್ಲಿ ಒಬ್ಬೊಬ್ಬರ ಹೆಸರಿನ ಮುಂದೆ ನಾಲ್ಕು ಅಂಕಣಗಳಿದ್ದವು. 'ವಿಧಾನ', 'ಅನುಭವ', 'ಮಂಡನೆ' ಎಂಬ ಮೂರು ಅವಳಿಗೆ ಅರ್ಥವಾಗಲಿಲ್ಲ, ಖಾಲಿ ಬಿಟ್ಟಳು. ನಾಲ್ಕನೆಯದು 'ಒಟ್ಟು ತೂಕ'. ಇಷ್ಟು ಸುಲಭದ್ದನ್ನು ಕೇಳುತ್ತಾರಲ್ಲ ಅಂತ ಆಶ್ಚರ್ಯಪಡುತ್ತಲೇ ಐವತ್ತೆಂಟು, ಅರವತ್ತಾರು, ತೊಂಬತ್ತೇಳು ಎಂದು ಬರೆದು ಸಹಿ ಹಾಕಿದಳು.

ನಿರ್ದೇಶಕರಿಗೆ ಕಡ್ಡಿಯವನು ಹಿಡಿಸಿದ್ದ, ಮೇಡಂಗೆ ವೃತ್ತದವಳು. ಯಾರೊಬ್ಬರೂ ಜಗ್ಗಲಿಲ್ಲ. ಕೊನೆಗೆ ತೂಕದಕ್ಕನ ಹಾಳೆ ತೆಗೆದು ನೋಡಿದರು. ಅಷ್ಟೂ ಅಂಕ ಕೂಡಿಸಿದಾಗ ಗೆದ್ದದ್ದು ದಪ್ಪನೆಯವನು. "ನೂರಕ್ಕೆ ತೊಂಬತ್ತೇಳು! ಅವರಲ್ಲಿ ಏನೋ ಕಂಡಿದ್ದಾಳೆ ಇವಳು," ಎಂದರು ಮೇಡಂ, ಮೆಚ್ಚುಗೆಯಿಂದ.

ಆ ಸಂಜೆ ಮನೆಯಲ್ಲಿ ಇದನ್ನೆಲ್ಲ ಹೇಳುವಾಗ ಗಂಡ ಅಪರೂಪಕ್ಕೆ ಬಾಯಿ ಬಿಟ್ಟ. "ಅದು ಮನುಷ್ಯನ ತೂಕ ಅಲ್ಲ ಕಣೇ, ಅಂಕದ್ದು." ಆಮೇಲೆ ಗೋಡೆಗೆ ಒರಗಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕ. ತೂಕದಕ್ಕ ನಾಲಿಗೆ ಕಚ್ಚಿಕೊಂಡಳು. ಬೆಳಿಗ್ಗೆ ಹೋಗಿ ಹೇಳಿಬಿಡಬೇಕು ಅಂದುಕೊಂಡಳು. ಆದರೆ ಅವಳು ಹೋಗುವಷ್ಟರಲ್ಲಿ ಕನ್ಸಲ್ಟೆಂಟು ಉಗ್ರಾಣದ ಬಾಗಿಲಲ್ಲೇ ನಿಂತಿದ್ದ, ಕೈಯಲ್ಲೊಂದು ಡಬ್ಬಿ ತುಂಬ ಬಣ್ಣದ ಚೀಟಿ.

ಆತ ಕೆಟ್ಟವನಲ್ಲ. ಬೇಳೆ ಮೂಟೆಯ ಮೇಲೆ ಕೂತು, ಮರ್ಯಾದೆಯಿಂದಲೇ ಕೇಳಿದ.

"ಧಾನ್ಯ ಕೊಟ್ಟ ಮೇಲೆ ಏನಾಗುತ್ತೆ ಅಕ್ಕಾ?"

"ಮನೆಗೆ ತಗೊಂಡು ಹೋಗ್ತಾರೆ."

"ಆಮೇಲೆ?"

"ಬೇಯಿಸ್ತಾರೆ."

"ಆಮೇಲೆ?"

"ತಿಂತಾರೆ ಸರ್. ಇನ್ನೇನು ಮಾಡ್ತಾರೆ?"

"ತಿಂದರು ಅಂತ ನಿಮಗೆ ಹೇಗೆ ಗೊತ್ತು?"

"ಮುಂದಿನ ಮಂಗಳವಾರ ಖಾಲಿ ಚೀಲ ಹಿಡ್ಕೊಂಡು ಬರ್ತಾರಲ್ಲ."

ಆತ ಕತ್ತು ಒರೆಸಿಕೊಂಡ. "ಚೀಲ ಖಾಲಿಯಾಯ್ತು ಅಂದ್ರೆ ಧಾನ್ಯ ಖಾಲಿಯಾಯ್ತು ಅಂತ ಆಯ್ತು. ಹಸಿವು ಖಾಲಿಯಾಯ್ತು ಅಂತ ಅಲ್ಲವಲ್ಲ." ಒಂದು ಗುಲಾಬಿ ಚೀಟಿಯಲ್ಲಿ 'ಚೀಲ?' ಎಂದು ಬರೆದು ಗೋಡೆಗೆ ಅಂಟಿಸಿದ.

ವಾರದ ಕೊನೆಗೆ ಆತ ನಿರ್ದೇಶಕರ ಹತ್ತಿರ ಒಂದು ಮಾತು ಅಂದ: ಗಾಡಿ ಓಡುತ್ತಿರುವಾಗ ಚಕ್ರ ಬಿಚ್ಚಿ ನೋಡುವುದು ಕಷ್ಟ. ಅಷ್ಟೇ ಅಂದದ್ದು. ಪತ್ರ ಬಂದಾಗಿನಿಂದ ದಾನಿಗಳ ಹಣ ನಿಂತೀತೆಂದು ಹೆದರಿದ್ದ ನಿರ್ದೇಶಕರು ಅಂದೇ ಆದೇಶ ಹೊರಡಿಸಿದರು: 'ಬಾಣ ಇತ್ಯರ್ಥವಾಗುವವರೆಗೆ ಧಾನ್ಯ ಹಂಚಿಕೆಯನ್ನು ತಡೆಹಿಡಿಯಲಾಗಿದೆ.'

ಮಂಗಳವಾರ ಎಂದಿನಂತೆ ಸಾಲು ನಿಂತಿತು. ಸಾಲಿನ ಮೊದಲಲ್ಲಿ ಜಗಳದಜ್ಜಿ. ಆಕೆ ಜಗಳವಾಡದೆ ಯಾವತ್ತೂ ಒಂದು ಕಾಳನ್ನೂ ಒಯ್ದವಳಲ್ಲ. ತೂಕದಕ್ಕ ಆದೇಶವನ್ನು ಓದಿ ಹೇಳಿದಳು.

"ಬಾಣವಾ? ಯಾರಿಗೆ ಚುಚ್ಚಿತು?" ಅಜ್ಜಿ ಕೇಳಿದಳು.

"ಯಾರಿಗೂ ಚುಚ್ಚಿಲ್ಲ ಅಜ್ಜಿ. ಗಟ್ಟಿಯಿಲ್ಲವಂತೆ."

"ಗಟ್ಟಿಯಿಲ್ಲದ ಬಾಣಕ್ಕೆ ಹೆದರಿಕೊಂಡು ಬಾಗಿಲು ಹಾಕ್ಕೊಂಡ್ರಾ? ಒಳಗೆ ಮೂಟೆ ಕಾಣ್ತಿದೆಯಲ್ಲೇ!"

ಮೂಟೆಗಳು ಕಾಣುತ್ತಿದ್ದವು ನಿಜ. ತೂಕದಕ್ಕ ತಗಡಿನ ಬಾಗಿಲು ಎಳೆದುಕೊಂಡಳು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಅವಳ ತಕ್ಕಡಿ ಇಡೀ ದಿನ ಅಲ್ಲಾಡಲಿಲ್ಲ. ಮುಂದಿನ ಮಂಗಳವಾರವೂ ಅದೇ ಕಥೆ. ಕನ್ಸಲ್ಟೆಂಟು ಮಾತ್ರ ಆ ಎರಡು ವಾರ ಮನೆ ಮನೆ ತಿರುಗಿ, "ಹಸಿವು ಹೇಗಿದೆ?" ಎಂದು ಕೇಳಿ ಬರೆದುಕೊಂಡ. ಜಾಸ್ತಿಯಾಗಿದೆ ಎಂದು ಎಲ್ಲರೂ ಹೇಳಿದರು. ಜಗಳದಜ್ಜಿ ಹೇಳಿದ್ದನ್ನು ಆತ ಬರೆದುಕೊಳ್ಳಲಿಲ್ಲ.

ಮನೆಯಲ್ಲಿ ತೂಕದಕ್ಕನಿಗೆ ತುತ್ತು ಇಳಿಯುತ್ತಿರಲಿಲ್ಲ. "ನೀನು ಉಪವಾಸ ಕೂತ್ರೆ ಅವರ ಹೊಟ್ಟೆ ತುಂಬುತ್ತಾ?" ಅತ್ತೆ ಗದರಿದರು. "ಆ ಕಾಗದ ಪತ್ರ ಏನಾದ್ರೂ ಇದ್ರೆ ಸರಿಯಾಗಿ ಓದು. ಮಾಡಬೇಡಿ ಅಂತ ಬರೆದವರು ಎಲ್ಲೋ ಒಂದು ಕಡೆ ಮಾಡಿ ಅಂತಾನೂ ಬರೆದಿರ್ತಾರೆ."

ಸಮಿತಿಯವಳಾದ್ದರಿಂದ ಅವಳಿಗೂ ಕನ್ಸಲ್ಟೆಂಟನ ಜೊತೆಗಿನ ಒಪ್ಪಂದದ ಪ್ರತಿ ಸಿಕ್ಕಿತ್ತು. ಓದುತ್ತ ಓದುತ್ತ ಹದಿನಾಲ್ಕನೇ ಪುಟಕ್ಕೆ ಬಂದಳು. 'ಫಲಾನುಭವಿಗಳೊಂದಿಗೆ ಕಾರ್ಯಾಗಾರ ನಡೆಸತಕ್ಕದ್ದು. ಭಾಗವಹಿಸುವವರಿಗೆ ಅಗತ್ಯ ಸಾಮಗ್ರಿಯನ್ನು ಸಂಸ್ಥೆಯೇ ಒದಗಿಸತಕ್ಕದ್ದು.' ತೂಕದಕ್ಕ ಆ ಸಾಲನ್ನು ಮೂರು ಸಲ ಓದಿ, ಅತ್ತೆಗೂ ಓದಿ ಹೇಳಿ, ಮರುದಿನ ನೇರ ನಿರ್ದೇಶಕರ ಕೋಣೆಗೆ ಹೋದಳು. ಕನ್ಸಲ್ಟೆಂಟೂ ಅಲ್ಲೇ ಇದ್ದ.

"ಸರ್, ಕಾರ್ಯಾಗಾರ ಯಾವಾಗ?"

"ಹತ್ತು ಜನರನ್ನ ಕರೆಯೋಣ ಅಂತಿದ್ದೀವಿ," ಎಂದರು ನಿರ್ದೇಶಕರು.

"ಹತ್ತು ಅಂತ ಎಲ್ಲೂ ಬರೆದಿಲ್ಲ. ಎಲ್ಲರನ್ನೂ ಕರೀಬಹುದಲ್ಲ?"

ಕನ್ಸಲ್ಟೆಂಟನ ಕಣ್ಣು ಅರಳಿತು. "ಎಲ್ಲರೂ ಬರ್ತಾರಾ? ನನ್ನ ಕಾರ್ಯಾಗಾರಕ್ಕೆ ಹನ್ನೆರಡು ಜನಕ್ಕಿಂತ ಜಾಸ್ತಿ ಯಾವತ್ತೂ ಬಂದಿಲ್ಲ."

"ಬರ್ತಾರೆ ಸರ್. ಅಗತ್ಯ ಸಾಮಗ್ರಿ ಕೊಟ್ರೆ."

"ಅದೇನು, ಪೆನ್ನು, ಚೀಟಿ ತಾನೆ? ಕೊಡೋಣ," ನಿರ್ದೇಶಕರು ಅಂದರು.

"ಅವರಿಗೆ ಅಗತ್ಯ ಯಾವುದು ಅಂತ ನಾನು ವಿಚಾರಿಸಿದೆ ಸರ್. ಅಕ್ಕಿ ಹತ್ತು ಕೆಜಿ, ಬೇಳೆ ಎರಡು ಕೆಜಿ."

ನಿರ್ದೇಶಕರು ಬಾಯಿ ತೆರೆದರು. ಅಷ್ಟರಲ್ಲಿ ಕನ್ಸಲ್ಟೆಂಟು ಕತ್ತು ಒರೆಸಿಕೊಂಡು, "ಅದನ್ನ ಜನರನ್ನೇ ಕೇಳಬೇಕು ಅಂತ ನಾನೇ ಹೇಳಿದ್ದಲ್ಲವಾ," ಎಂದ. ಹಂಚಿಕೆಗೆ ತಡೆಯಿತ್ತು, ಕಾರ್ಯಾಗಾರಕ್ಕೆ ಇರಲಿಲ್ಲ. ನಿರ್ದೇಶಕರು ಒಪ್ಪಂದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಸಹಿ ಹಾಕಿದರು.

ಮಂಗಳವಾರ ಇನ್ನೂರ ಮೂವತ್ತು ಮಂದಿ ಬಂದರು. ಒಬ್ಬೊಬ್ಬರೂ ಒಂದು ಹಳದಿ ಚೀಟಿಯಲ್ಲಿ ಬದಲಾವಣೆಯ ಬಗ್ಗೆ ಏನಾದರೂ ಬರೆದು ಗೋಡೆಗೆ ಅಂಟಿಸಬೇಕು, ಆಮೇಲೆ ಸಾಮಗ್ರಿ. ಮೊದಲು ತಲೆ ಕೆರೆದುಕೊಂಡರು. ಒಬ್ಬ ತನ್ನ ವಿಳಾಸ ಬದಲಾಗಿದೆ ಎಂದು ಬರೆದ. ಒಬ್ಬಳು ಸೂರು ಸೋರುವುದನ್ನು ಬರೆದಳು. ಜಗಳದಜ್ಜಿ ಬರೆಯಲು ಬಾರದೆ ಚೀಟಿಯ ತುಂಬ ಒಂದು ದೊಡ್ಡ ಸೊನ್ನೆ ಸುತ್ತಿದಳು. ಕನ್ಸಲ್ಟೆಂಟು ಅದರ ಮುಂದೆ ನಿಂತು, "ಎಷ್ಟು ಆಳವಾಗಿದೆ," ಎಂದ.

"ತಟ್ಟೆ ಕಣಪ್ಪಾ ಅದು," ಎಂದಳು ಅಜ್ಜಿ. "ಬೇಗ ತೂಗಿಸು."

ತೂಕದಕ್ಕನ ಕೈ ಮತ್ತೆ ಆಡತೊಡಗಿತು. ಸಂಜೆಯ ಹೊತ್ತಿಗೆ ತೋಳು ಬಿದ್ದುಹೋಗುವಂತೆ ನೋಯುತ್ತಿತ್ತು. ಆ ನೋವು ಅವಳಿಗೆ ಹಿತವಾಗಿತ್ತು.

ಜನರ ಉತ್ಸಾಹ ನೋಡಿ ಕನ್ಸಲ್ಟೆಂಟು ಮುಂದಿನ ಐದು ಮಂಗಳವಾರವೂ ಕಾರ್ಯಾಗಾರ ಇಟ್ಟ. ಅಷ್ಟರಲ್ಲಿ ಜನ ಪಳಗಿದ್ದರು. ಚೀಟಿ ಮನೆಯಲ್ಲೇ ಬರೆದುಕೊಂಡು ಬಂದು, ಗೋಡೆಗೆ ತಟ್ಟಿ, ಚೀಲ ಬಿಡಿಸಿ ನಿಲ್ಲುತ್ತಿದ್ದರು. ಆತ ಮತ್ತೆ ಮನೆ ಮನೆಗೆ ಹೋಗಿ, "ಹಸಿವು ಹೇಗಿದೆ?" ಎಂದು ಕೇಳಿದ. ಕಡಿಮೆಯಾಗಿದೆ ಅಂದರು.

ವರದಿ ಬಂತು. ನಿರ್ದೇಶಕರು ಸಿಬ್ಬಂದಿಯನ್ನೆಲ್ಲ ಕೂರಿಸಿ ಓದಿ ಹೇಳಿದರು. ಎಂಟು ವಾರವೂ ಧಾನ್ಯ ಹಂಚಿಕೆ ನಿಂತೇ ಇತ್ತು. ಮೊದಲ ಎರಡು ವಾರ ಕಾರ್ಯಾಗಾರ ಇರಲಿಲ್ಲ, ಹಸಿವು ಏರಿತು. ಆಮೇಲಿನ ಆರು ವಾರ ಕಾರ್ಯಾಗಾರ ನಡೆಯಿತು, ಹಸಿವು ಇಳಿಯಿತು. ಆದ್ದರಿಂದ ಹಸಿವು ಇಳಿಯುವುದು ಕಾರ್ಯಾಗಾರದಿಂದ. ಧಾನ್ಯದಿಂದ ಎನ್ನಲು ಆಧಾರವಿಲ್ಲ.

ತೂಕದಕ್ಕ ಕೂತಲ್ಲಿಂದ ಎದ್ದು ನಿಂತಳು.

"ಸರ್, ಹಾಗಾದ್ರೆ ಅಕ್ಕಿ?"

"ಆ ಚೌಕ ತೆಗೆದುಹಾಕ್ತೀವಿ," ನಿರ್ದೇಶಕರ ಮುಖ ಬೆಳಗುತ್ತಿತ್ತು. "ದಾನಿಗಳಿಗೆ ತುಂಬ ಸಂತೋಷವಾಗಿದೆ. ಪ್ರತಿ ಮಂಗಳವಾರ ಕಾರ್ಯಾಗಾರ ನಡೆಸೋಕೆ ಒಪ್ಪಿದ್ದಾರೆ. ಸಾಮಗ್ರಿ ಸಮೇತ."

ಸಾಮಗ್ರಿ ಸಮೇತ ಎಂಬ ಮಾತು ಕೇಳಿದ ಮೇಲೆ ತೂಕದಕ್ಕ ಬಾಯಿ ಮುಚ್ಚಿಕೊಂಡಳು. ಕನ್ಸಲ್ಟೆಂಟು ಕೈ ಮುಗಿದು, ಉಳಿದ ಚೀಟಿಗಳನ್ನು ಅವಳಿಗೇ ಬಿಟ್ಟು, ಬೇರೆ ಯಾವುದೋ ಸಂಸ್ಥೆಯ ಬಾಣ ನೋಡಲು ಹೊರಟುಹೋದ. ಆಡಳಿತದ ಮೇಡಂ ಉಗ್ರಾಣದ ಬಾಗಿಲಿಗೆ 'ಲೇಖನ ಸಾಮಗ್ರಿ' ಎಂಬ ಹೊಸ ಫಲಕ ಹಾಕಿಸಿದರು. ಲಾರಿಯವರು ಅಕ್ಕಿ ಮೂಟೆ ಹೊತ್ತು ತಂದು, ಫಲಕ ನೋಡಿ, ವಿಳಾಸ ತಪ್ಪಿತೆಂದು ಎರಡು ಸಲ ವಾಪಸು ಹೋದರು. ತೂಕದಕ್ಕನಿಗೆ ಕಾರ್ಯಾಗಾರ ಸಂಯೋಜಕಿ ಎಂಬ ಹುದ್ದೆ ಸಿಕ್ಕಿತು. "ಅಂದ್ರೆ ಏನು ಕೆಲಸ?" ಅಂತ ಅತ್ತೆ ಕೇಳಿದ್ದಕ್ಕೆ, "ಅದೇ, ತೂಗೋದು," ಎಂದಳು.

ಮುಂದಿನ ವರ್ಷ ಇನ್ನೊಂದು ಸಂಸ್ಥೆಯ ಮೂವರು ಅಧಿಕಾರಿಗಳು ಈ ಕಾರ್ಯಾಗಾರ ನೋಡಿ ಕಲಿಯಲು ಬಂದರು. ತಾವೂ ಆರು ತಿಂಗಳಿಂದ ನಡೆಸುತ್ತಿದ್ದೇವೆ, ಹಸಿವು ಮಾತ್ರ ಒಂದಿಷ್ಟೂ ಇಳಿಯುತ್ತಿಲ್ಲ ಎಂದು ಅಲವತ್ತುಕೊಂಡರು. ಚೀಟಿಯ ಬಣ್ಣ, ಗೋಡೆ ಯಾವ ದಿಕ್ಕಿಗಿದೆ, ಅಂಟು ಯಾವುದು, ಎಲ್ಲ ಬರೆದುಕೊಂಡರು.

"ಚೀಲ ಮರೀಬೇಡಿ ಸರ್," ಎಂದಳು ತೂಕದಕ್ಕ, ತಡೆಯಲಾರದೆ.

ಅವರಲ್ಲಿ ಹಿರಿಯರು 'ಚೀಲ' ಎಂದೂ ಬರೆದುಕೊಂಡು, ಅದರ ಬಣ್ಣ ಯಾವುದಿರಬೇಕು ಎಂದು ಕೇಳಿದರು. ಹೊರಗೆ ಜಗಳದಜ್ಜಿ, ಮಾತು ಸಾಕು, ತನ್ನ ಚೀಟಿ ಗಾಳಿಗೆ ಹಾರಿಹೋಗುತ್ತಿದೆ ಎಂದು ಕೂಗುತ್ತಿದ್ದಳು. ತೂಕದಕ್ಕ ಅಧಿಕಾರಿಗಳಿಗೆ, "ಒಂದು ನಿಮಿಷ ಕೂತಿರಿ," ಎಂದು ಹೇಳಿ ಎದ್ದುಹೋದಳು.